ನೀವೇ ತಿರುಗಿಸಿ

ಮೇಲಿನವರ ಹೇಲು ಕೆಳಗೆ ಬರುತ್ತದೆ. ಅದನ್ನು ನಾವು ಬಾಚುತ್ತೇವೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಾಹ್ಯಾಕಾಶ ನಿಲ್ದಾಣ ಅಂದ ಕೂಡಲೇ ಜನ ನಕ್ಷತ್ರದ ಮಾತು ಎತ್ತುತ್ತಾರೆ. ನಾನು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು. ನಕ್ಷತ್ರ ಕಾಣುವ ಕಿಟಕಿ ನಮ್ಮ ಸಾಲಿನಲ್ಲಿ ಒಂದೂ ಇರಲಿಲ್ಲ.

ನಿಲ್ದಾಣ ಅಂದರೆ ಆಕಾಶದಲ್ಲಿ ಸುತ್ತುವ ಒಂದು ದೊಡ್ಡ ಗಾಲಿ. ಅದು ಸುತ್ತುವುದರಿಂದಲೇ ನಮ್ಮ ಮೈಗೆ ತೂಕ. ಗಾಲಿಯ ನಡುವಿಗೆ ಹತ್ತಿರ ಇದ್ದವರಿಗೆ ಮೈ ಹಗುರ, ಅಂಚಿಗೆ ಇಳಿದಷ್ಟೂ ಭಾರ. ನಡುವಿನ ಕಡೆ ಇರುವುದು ಮೇಲ್ಸಾಲು. ಅಲ್ಲಿ ತೋಟವಿದೆ, ಕಿಟಕಿಗಳಿವೆ. ಅಂಚಿನ ಕಡೆ ಕೆಳಸಾಲು. ಅಲ್ಲಿರುವುದು ನಾವು, ಕೂಲಿಯವರು. ಅದಕ್ಕೂ ಕೆಳಗೆ ಜೈಲು. ಜೈಲಿನಲ್ಲಿ ಖಾಲಿ ಬಕೆಟ್ ಎತ್ತಿದರೂ ಸೊಂಟ ಹಿಡಿಯುತ್ತದೆ. ಮೇಲ್ಸಾಲಿನ ಮುದುಕಿಯರು ಎಳೆ ಹುಡುಗಿಯರ ಹಾಗೆ ಹೆಜ್ಜೆ ಹಾಕುತ್ತಾರೆ. ನಮ್ಮ ಹೆಂಗಸರಿಗೆ ಮಕ್ಕಳು ನಡೆಯಲು ಕಲಿಯುವ ಹೊತ್ತಿಗೆ ಮಂಡಿ ಹೋಗಿರುತ್ತದೆ.

ನನ್ನ ಕೆಲಸ ಬೆಸುಗೆ. ಗಾಳಿ ಹರಿಯುವ ಕೊಳವೆಗಳಿಗೆ ತೇಪೆ ಹಾಕುತ್ತಿದ್ದೆ. ಒಂದು ದಿನ ಕೆಳಸಾಲಿಗೆ ಇಳಿಯುವ ಕೊಳವೆಯೊಳಗೆ ತಲೆ ಹಾಕಿದಾಗ ಅಡ್ಡಲಾಗಿ ಬೆಸೆದ ಒಂದು ತಗಡು ಸಿಕ್ಕಿತು. ಅದು ಹಾಳಾಗಿ ಬಂದದ್ದಲ್ಲ, ಬೇಕೆಂದೇ ಹಾಕಿದ್ದು. ನಮ್ಮ ಪಾಲಿನ ಅರ್ಧ ಗಾಳಿ ಅಲ್ಲಿಂದಲೇ ತಿರುಗಿ ಮೇಲಿನ ತೋಟಕ್ಕೆ ಹೋಗುತ್ತಿತ್ತು. ಆಗ ಅಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಮಾತಾಡುವಾಗ ಎರಡು ಮಾತಿಗೊಮ್ಮೆ ನಿಂತು ಬಾಯಿ ತೆರೆಯುತ್ತಿದ್ದಳು. ವಯಸ್ಸಾಯಿತು, ಅದಕ್ಕೇ ಹೀಗೆ ಅಂದುಕೊಂಡಿದ್ದೆವು. ಆ ತಗಡು ನೋಡಿದ ಮೇಲೆ ನನಗೆ ಇನ್ನೇನೂ ಕಾಣಲಿಲ್ಲ. ಕೈಯಲ್ಲಿ ಬೆಸುಗೆಯ ಉರಿಯುವ ಕಡ್ಡಿ ಇತ್ತು. ಕತ್ತರಿಸಿ ಎಸೆದೆ.

ಕೆಳಸಾಲಿನವರು ಕೆಲವು ದಿನ ಚೆನ್ನಾಗಿ ನಿದ್ದೆ ಮಾಡಿದರು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಎದ್ದು ಕೂತು ನನ್ನ ತಮ್ಮನನ್ನು ಬೈದಳು. ಅವಳು ಅಷ್ಟು ಉದ್ದಕ್ಕೆ ಬೈದು ಎಷ್ಟೋ ಕಾಲವಾಗಿತ್ತು. ಅಷ್ಟರಲ್ಲಿ ಮೇಲಿನ ತೋಟದಲ್ಲಿ ಎಲೆ ಬಾಡಿತು. ನನ್ನನ್ನು ಹಿಡಿದರು.

ವಿಚಾರಣೆಯಲ್ಲಿ ನ್ಯಾಯಾಧೀಶರು ಕೇಳಿದ್ದು ಒಂದೇ ಪ್ರಶ್ನೆ. "ಗಾಳಿ ಯಾರದ್ದು?"

"ಗಾಳಿ ಯಾರದ್ದಾದ್ರೂ ಇರುತ್ತಾ ಸ್ವಾಮಿ?" ಅಂದೆ.

"ತಪ್ಪೊಪ್ಪಿಗೆ ಆಯಿತು," ಅಂದರು. ತಗಡನ್ನು ಮತ್ತೆ ಬೆಸೆದರು. ನಾನು ಜೈಲಿಗೆ ಇಳಿದ ಸ್ವಲ್ಪ ದಿನಕ್ಕೆ ಅಮ್ಮ ಸತ್ತಳು. ತಮ್ಮ ಬಂದು ಹೇಳಿದ. ಹೇಳಿದವನಿಗೆ ಅಳಲು ಬಿಡಲಿಲ್ಲ, ಕೇಳಿದವಳಿಗೂ ಬಿಡಲಿಲ್ಲ. ಭೇಟಿಯ ಸಮಯ ಮುಗಿದಿತ್ತು.

ಜೈಲಿನ ಕೆಲಸ ತೊಟ್ಟಿಯಲ್ಲಿ. ಇಡೀ ನಿಲ್ದಾಣದ ಹೊಲಸು ಕೊಳವೆಗಳಲ್ಲಿ ಹರಿದು ಅಲ್ಲಿಗೆ ಬಂದು ಬೀಳುತ್ತದೆ. ನೀರನ್ನು ಯಂತ್ರ ಹೀರಿಕೊಂಡು ಶುದ್ಧ ಮಾಡಿ ಮೇಲಕ್ಕೆ ಕಳಿಸುತ್ತದೆ. ಗಟ್ಟಿ ತಳದಲ್ಲಿ ಉಳಿಯುತ್ತದೆ. ಅದನ್ನು ಸೊಂಟದವರೆಗೆ ಇಳಿದು ಸಲಿಕೆಯಿಂದ ಬಾಚಿ ಬಕೆಟ್ಟಿಗೆ ತುಂಬಬೇಕು. ಮುಖಕ್ಕೆ ಬಟ್ಟೆ ಕಟ್ಟುವಂತಿಲ್ಲ, ಮುಖ ಮುಚ್ಚಿದ ಕೈದಿ ಯಾರೆಂದು ಕಾವಲಿನವರಿಗೆ ತಿಳಿಯುವುದಿಲ್ಲವಂತೆ. ಉಗುರಿನ ಸಂದಿಯಿಂದ ಅದು ಹೋಗುವುದಿಲ್ಲ. ಅದೇ ಕೈಯಲ್ಲಿ ಊಟ. ಮೊದಲ ವಾರ ವಾಂತಿ ಮಾಡಿದೆ. ಆಮೇಲೆ ವಾಂತಿ ನಿಂತಿತು. ವಾಂತಿ ನಿಂತದ್ದಕ್ಕೆ ಒಂದು ದಿನ ಕೂತು ಅತ್ತೆ.

ತೊಟ್ಟಿಯ ಎದುರಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕೈದಿಗಳ ಹಕ್ಕುಗಳನ್ನು ಬರೆದಿದ್ದರು. ಕೈದಿಗೆ ಊಟದ ಹಕ್ಕುಂಟು. ಕೈದಿಗೆ ವೈದ್ಯರನ್ನು ಕಾಣುವ ಹಕ್ಕುಂಟು. ಹೀಗೆ. ಕೊನೆಯದು ಇದು: ಕೈದಿಗೆ ಶಿಕ್ಷೆ ಕೊಡುವ ಕೈ ರಕ್ತಸಂಬಂಧಿಯದೋ ಕೈಹಿಡಿದವರದೋ ಆಗಿರತಕ್ಕದ್ದು.

ಇದೂ ನಮ್ಮ ಹಕ್ಕು. ನಾವು ಇದನ್ನು ಕರುಳಿನ ಕಲಮು ಅನ್ನುತ್ತಿದ್ದೆವು. ಇಲ್ಲಿ ಶಿಕ್ಷೆ ಅಂದರೆ ಹೊಡೆತವಲ್ಲ. ತೆಳುಕೋಣೆ ಅಂತ ಒಂದು ಗಾಜಿನ ಕೋಣೆ ಇದೆ. ಕೈದಿಯನ್ನು ಒಳಗೆ ಕೂರಿಸುತ್ತಾರೆ. ಹೊರಗೆ ಒಂದು ಕಬ್ಬಿಣದ ಚಕ್ರ. ಅದನ್ನು ತಿರುಗಿಸಿದರೆ ಒಳಗಿನ ಗಾಳಿ ಕಡಿಮೆಯಾಗುತ್ತದೆ. ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆದಿದ್ದಾರೆ. ಪರಕೀಯರ ಕೈಗೆ ಕರುಣೆ ಇರುವುದಿಲ್ಲ, ಅದಕ್ಕೇ ಆ ಚಕ್ರ ಕೈದಿಯ ಅಣ್ಣನೋ ಹೆಂಡತಿಯೋ ಮಗಳೋ ತಿರುಗಿಸಲಿ ಅಂತ ಕಾಯ್ದೆ ಮಾಡಿದವರು ಯೋಚಿಸಿದರಂತೆ. ತಿರುಗಿಸಲು ಒಪ್ಪದವರು ತಾವೂ ಕೈದಿಯಾಗಬೇಕು. ಹೀಗಾಗಿ ಆಡಳಿತದವರ ಕೈ ಯಾವತ್ತೂ ಚೊಕ್ಕ.

ನನಗೆ ಉಳಿದಿದ್ದ ರಕ್ತಸಂಬಂಧಿ ತಮ್ಮ ಒಬ್ಬನೇ. ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದ. ನಾನೇ ಎತ್ತಿ ಆಡಿಸಿ ಬೆಳೆಸಿದವನು. ಚಿಕ್ಕಂದಿನಿಂದ ಅವನಿಗೆ ಎದೆ ಕಟ್ಟುವ ಕಾಯಿಲೆ. ಮಲಗಿದರೆ ಬೆಕ್ಕಿನ ಹಾಗೆ ಗೊರಗೊರ ಸದ್ದು.

ತೊಟ್ಟಿಯ ಮೇಲೆ ಗಾಜಿನ ಮೊಗಸಾಲೆ ಇದೆ. ಮೇಲ್ಸಾಲಿನವರು ಆಗಾಗ ನೋಡಲು ಬರುತ್ತಾರೆ. ಅವರು ಬಂದಾಗ ನಾವು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಒಂದು ದಿನ ಒಬ್ಬಾಕೆ ಮೂಗಿಗೆ ಪರಿಮಳದ ಬಟ್ಟೆ ಒತ್ತಿಕೊಂಡು ಗಂಡನಿಗೆ ಹೇಳಿದಳು. ಧ್ವನಿ ಕೇಳುವ ರಂಧ್ರ ತೆರೆದೇ ಇತ್ತು.

"ಇವ್ರಿಗೆ ವಾಸನೆ ಗೊತ್ತಾಗಲ್ವಂತೆ ರೀ. ಹುಟ್ಟಿನಿಂದ ಅಭ್ಯಾಸವಂತೆ."

ನಾನು ತಿರುಗಿದೆ. ಮುಖ ಎತ್ತಿ ಹೇಳಿದೆ. "ಗೊತ್ತಾಗುತ್ತೆ ಕಣಮ್ಮ. ನಿಮ್ಮನೇದು ಯಾವುದು ಅಂತಾನೂ ಗೊತ್ತಾಗುತ್ತೆ."

ಪಕ್ಕದಲ್ಲಿದ್ದ ಮುದುಕಿ ಕೈದಿ, ನಾವು ಹೊಲಿಗೆ ಅಜ್ಜಿ ಅನ್ನುತ್ತಿದ್ದವಳು, ಗೋಡೆಗೆ ಹಣೆ ಒತ್ತಿ ನಕ್ಕಳು. ನನ್ನನ್ನು ತೆಳುಕೋಣೆಗೆ ಎಳೆದರು.

ತಮ್ಮನನ್ನು ಉಗ್ರಾಣದಿಂದ ನೇರವಾಗಿ ಕರೆತಂದಿದ್ದರು. ತಲೆಯ ಮೇಲೆ ಮೂಟೆಯ ಹಿಟ್ಟು ಹಾಗೇ ಇತ್ತು. ಗಾಜಿನ ಆಚೆ ನಿಂತವನು ನನ್ನ ಮುಖ ನೋಡಲಿಲ್ಲ. ಚಕ್ರ ಹಿಡಿದ. ತಿರುಗಿಸಿದ.

ಮೊದಲು ಆಕಳಿಕೆ ಬರುತ್ತದೆ. ಆಮೇಲೆ ತುಟಿ ಜೋಮು ಹಿಡಿಯುತ್ತದೆ. ಎದೆ ತಾನಾಗಿಯೇ ಏಳುತ್ತದೆ, ಇಳಿಯುತ್ತದೆ, ಒಳಕ್ಕೆ ಏನೂ ಬರುವುದಿಲ್ಲ. ನಾಲಿಗೆ ದಪ್ಪ ಆಗುತ್ತದೆ. ಉಚ್ಚೆ ಹೋಗಿದ್ದು ತಿಳಿಯುವುದಿಲ್ಲ. ಬದುಕಬೇಕು ಅನ್ನುವ ಆಸೆ ಎಷ್ಟು ಮಾನಗೆಟ್ಟದ್ದು ಅಂತ ಅಲ್ಲಿ ಗೊತ್ತಾಗುತ್ತದೆ. ನಾನು ನೆಲಕ್ಕೆ ಮೂಗು ಉಜ್ಜಿದೆ. ನಾಯಿಯ ಹಾಗೆ ಬಾಗಿಲಿನ ಸಂದಿ ನೆಕ್ಕಿದೆ.

ನನ್ನನ್ನು ಹೊರಗೆ ತೆಗೆದ ಮೇಲೆ, ಕೈದಿಗಳಿಗೆ ಊಟ ನೀಡುವ ಕಿಂಡಿಯ ಆಚೆ ತಮ್ಮ ಬಂದು ಮುಖ ತೋರಿಸಿದಾಗ ಅವನ ಮೇಲೆ ಉಗುಳಿದೆ.

"ನಿನ್ನ ಕೈ ಸೇದಿಹೋಗ."

ಅವನು ಒರೆಸಿಕೊಳ್ಳಲಿಲ್ಲ. "ನಿಧಾನಕ್ಕೆ ತಿರುಗಿಸಿದೆ ಅಕ್ಕ. ಒಂದೊಂದು ಬೆರಳಷ್ಟು. ಒಂದೇ ಸಲಕ್ಕೆ ತಿರುಗಿಸಿದ್ರೆ ಎದೆ ಒಡೆಯುತ್ತಂತೆ. ನಿನ್ನ ಜೊತೆ ಕೈದಿ ಅಡುಗೆಯವನಿದಾನಲ್ಲ, ಅವನ ಹೆಂಡತಿ ಹೇಳಿಕೊಟ್ಲು. ಅವಳು ಗಂಡನಿಗೆ ಹಾಗೇ ಮಾಡೋದಂತೆ."

"ಕಲಿತ್ಕೊಂಡ್ಯಲ್ಲ, ಒಳ್ಳೇದಾಯ್ತು," ಅಂದು ಬೆನ್ನು ತಿರುಗಿಸಿದೆ. ಬಹಳ ಹೊತ್ತು ಅವನು ಕಿಂಡಿಯ ಹತ್ತಿರವೇ ಇದ್ದ. ಗೊರಗೊರ ಸದ್ದು ಕೇಳುತ್ತಿತ್ತು. ನಾನು ತಿರುಗಲಿಲ್ಲ.

ಹೊಲಿಗೆ ಅಜ್ಜಿಯ ವಿಷಯ ಹೇಳಬೇಕು. ನಿಲ್ದಾಣದ ಹೊರಮೈ ರಿಪೇರಿಗೆ ಹೋಗುವವರ ದಪ್ಪ ಉಡುಪುಗಳನ್ನು ಅವಳು ಹೊಲಿಯುತ್ತಿದ್ದಳು. ಉಳಿದ ಒಳಬಟ್ಟೆಯ ಚೂರುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೆಳಸಾಲಿನ ಕೂಸುಗಳಿಗೆ ಕುಲಾವಿ ಮಾಡಿಕೊಟ್ಟಳು. ಅದೇ ಅಪರಾಧ. "ನನ್ನ ಕುಲಾವಿ ಹಾಕ್ಕೊಂಡ ಕೂಸುಗಳೆಲ್ಲ ಈಗ ಕದ್ದ ಮಾಲು," ಅನ್ನುತ್ತಿದ್ದಳು. ಅವಳಿಗೆ ಹಲ್ಲಿರಲಿಲ್ಲ. ರಕ್ತಸಂಬಂಧಿಗಳೂ ಇರಲಿಲ್ಲ. ಅದರಿಂದ ಅವಳನ್ನು ತೆಳುಕೋಣೆಗೆ ಹಾಕುವಂತಿರಲಿಲ್ಲ. "ಗಂಡ ಸತ್ತಿದ್ದಕ್ಕೆ ಇಷ್ಟು ಉಪಯೋಗ ಆಗುತ್ತೆ ಅಂತ ಗೊತ್ತಿರ್ಲಿಲ್ಲ ಕಣೇ," ಅಂತ ನಗುತ್ತಿದ್ದಳು.

ಅವಳಿಗೆ ಕೆಮ್ಮು ಹಿಡಿಯಿತು. ಕೆಮ್ಮಿದಾಗ ಕಪ್ಪು ಕಫ ಬೀಳುತ್ತಿತ್ತು. ಗೋಡೆಯ ಮೇಲಿನ ಹಕ್ಕು ತೋರಿಸಿ ನಾವು ವೈದ್ಯರನ್ನು ಕೇಳಿದೆವು. ವೈದ್ಯರು ಬಂದರು. ಗಾಜಿನ ಆಚೆ ನಿಂತರು. ಅಜ್ಜಿಯನ್ನು ಈಚೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಕಾವಲಿನವನು, "ಆಯ್ತು, ನಡಿ," ಅಂದ.

"ಏನಾಯ್ತಪ್ಪ?"

"ವೈದ್ಯರನ್ನು ಕಂಡ್ಯಲ್ಲ. ಕಾಣೋ ಹಕ್ಕು ಅಷ್ಟೇ ಇರೋದು."

ಅಜ್ಜಿ ಅಂದಳು, "ನಾನು ಅವ್ರನ್ನ ಚೆನ್ನಾಗೇ ಕಂಡೆ. ಮನುಷ್ಯ ಆರೋಗ್ಯವಾಗಿದ್ದಾರೆ. ಇನ್ನು ಅವ್ರು ನನ್ನ ನೋಡೋಕೆ ಬೇರೆ ಕಾಯ್ದೆ ಬೇಕೇನೋ."

ಮರುದಿನ ಅವಳನ್ನು ತೊಟ್ಟಿಗೆ ಇಳಿ ಅಂದರು. ಏಣಿಯ ಎರಡನೇ ಮೆಟ್ಟಿಲಲ್ಲಿ ಅವಳು ಕೆಮ್ಮುತ್ತಾ ಕಂಬಿ ಹಿಡಿದು ನಿಂತುಬಿಟ್ಟಳು. ಕಾವಲಿನವನು ಕೋಲಿನಿಂದ ತಲೆಗೆ ತಿವಿದ, ಹುಳುವನ್ನು ತಳ್ಳುವ ಹಾಗೆ. ನನ್ನ ಕೈಯಲ್ಲಿ ಸಲಿಕೆ ಇತ್ತು. ಅದನ್ನು ತೊಟ್ಟಿಯೊಳಗೆ ಬಿಸಾಡಿದೆ. ಏಣಿಯ ಬಾಯಿಗೆ ಅಡ್ಡ ಕೂತೆ.

"ಅಜ್ಜಿ ಇಳಿಯಲ್ಲ," ಅಂದೆ. "ನಾನೂ ಇಳಿಯಲ್ಲ."

ಮುಖಕ್ಕೆ ಕೋಲು ಬಿತ್ತು. ಒಂದು ಹಲ್ಲು ನಾಲಿಗೆಯ ಮೇಲೆ ಬಂತು. ಉಗುಳಿದೆ. ಏಳಲಿಲ್ಲ. ಉಳಿದವರು ಸಲಿಕೆ ನಿಲ್ಲಿಸಿದರು. ಅಡುಗೆಯವನು ಅಂತ ಕರೆಯುವ ಕೈದಿ, ಮೇಲ್ಸಾಲಿನ ಮನೆಯೊಂದರಲ್ಲಿ ಎಂಜಲು ಅನ್ನ ಮಗಳಿಗೆ ಕಟ್ಟಿಕೊಂಡು ಹೋದ ತಪ್ಪಿಗೆ ಬಂದವನು, ಅವನೂ ಸಲಿಕೆಯನ್ನು ಗೋಡೆಗೆ ಒರಗಿಸಿದ.

ಜೈಲರ್ ಸಾಹೇಬರು ಇಳಿದು ಬಂದರು. ಅವರು ಯಾವತ್ತೂ ಕೂಗಿದವರಲ್ಲ. ಯಾರಿಗೂ ಕೈ ಎತ್ತಿದವರಲ್ಲ. ಬೂಟಿಗೆ ಹೊಲಸು ತಾಗದ ಹಾಗೆ ದೂರದಲ್ಲಿ ನಿಂತರು.

"ಏನಮ್ಮ ಇದು? ಕೂತರೆ ಆಗುತ್ತಾ?"

"ಅಜ್ಜಿಗೆ ಔಷಧಿ ಕೊಡಿ ಸಾಹೇಬ್ರೆ. ಇಳಿದು ಅವಳ ಪಾಲಿನದನ್ನೂ ನಾನೇ ಬಾಚ್ತೀನಿ."

ಅವರು ಎರಡು ಅಂಗೈಯನ್ನೂ ಬಿಡಿಸಿ ತೋರಿಸಿದರು. ಬೆಳ್ಳಗೆ, ಮೆತ್ತಗೆ ಇದ್ದವು. "ನೋಡು ತಾಯಿ, ನನ್ನ ಕೈಲಿ ಏನಿದೆ ಹೇಳು? ನನ್ನ ಕೈಲಿ ಏನೂ ಇಲ್ಲ. ಎಲ್ಲಾ ಕಾಯ್ದೆ."

ನನ್ನನ್ನು ತೆಳುಕೋಣೆಗೆ ಹಾಕಿದರು. ಈ ಸಲ ಮುಕ್ಕಾಲು. ತಮ್ಮನಿಗೆ ಮತ್ತೆ ಕರೆ ಹೋಯಿತು.

ಅವನು ಬಂದ. ಚಕ್ರದ ಮುಂದೆ ನಿಂತ. ನಾನು ಒಳಗೆ ಕೂತು ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಿದ್ದೆ. ಆಮೇಲೆ ಸಿಗುವುದಿಲ್ಲವಲ್ಲ. ಅವನು ಚಕ್ರಕ್ಕೆ ಕೈ ಇಟ್ಟ. ನನ್ನ ಕಡೆ ನೋಡಿದ. ನನ್ನ ಬಾಯಿಯಿಂದ ರಕ್ತ ಇಳಿಯುತ್ತಿತ್ತು. ಅವನು ಕೈ ತೆಗೆದ.

"ಆಗಲ್ಲ ಸಾಹೇಬ್ರೆ."

"ಯಾಕಪ್ಪ?"

"ಹೋದ ಸಲ ತಿರುಗಿಸಿದ ಮೇಲೆ ಈ ಕೈಲಿ ಊಟ ಮಾಡೋಕೆ ಆಗ್ತಿಲ್ಲ. ಎಡಗೈಲಿ ತಿಂತಿದೀನಿ."

"ಕಾಯ್ದೆ ಗೊತ್ತಲ್ಲ ನಿನಗೆ?"

"ಗೊತ್ತು," ಅಂದ. ಅಂಗಿಯ ಗುಂಡಿ ಬಿಚ್ಚತೊಡಗಿದ. ಯಾರೂ ಬಿಚ್ಚು ಅಂದಿರಲಿಲ್ಲ. ಜೈಲಿಗೆ ಬರುವಾಗ ಬಟ್ಟೆ ಕಿತ್ತುಕೊಳ್ಳುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಅದೊಂದನ್ನಾದರೂ ಅವರ ಕೈಯಿಂದ ಮಾಡಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ.

ಗಾಜಿನ ಈಚೆ ನಾನು ಕೂಗಿದೆ. "ಬೇಡ ಕಣೋ, ತಿರುಗಿಸು. ದಡ್ಡ, ನಿನ್ನ ಎದೆಗೆ ತೊಟ್ಟಿ ಆಗಲ್ಲ, ತಿರುಗಿಸೋ." ಅವನಿಗೆ ಕೇಳಲಿಲ್ಲ. ಗಾಜು ದಪ್ಪ. ಅವರ ಮಾತು ನನಗೂ ಕೇಳಿರಲಿಲ್ಲ, ಆಮೇಲೆ ತಮ್ಮ ಹೇಳಿದ್ದು.

ನನ್ನನ್ನು ತೊಟ್ಟಿಗೆ ವಾಪಸು ತಂದಾಗ ಅಜ್ಜಿ ಇರಲಿಲ್ಲ. ನನ್ನನ್ನು ಎಳೆದುಕೊಂಡು ಹೋದ ಮೇಲೆ ಅವಳನ್ನು ಇಳಿಸಿದ್ದರು. ಸ್ವಲ್ಪ ಹೊತ್ತು ಬಾಚಿದಳಂತೆ. ಆಮೇಲೆ ಕೂತಳಂತೆ. ಸೊಂಟದವರೆಗಿನ ಹೊಲಸಿನಲ್ಲಿ ಕೂತರೆ ಮುಖ ಮುಳುಗುತ್ತದೆ. ಕಾವಲಿನವನು, ಅಲ್ಲಿ ಬಿದ್ದಿರುವುದನ್ನೂ ಬಾಚಿ ಅಂದನಂತೆ. ಸತ್ತ ಕೈದಿಯನ್ನು ಕರಗಿಸಿ ನೀರು ತೆಗೆಯುತ್ತಾರೆ. ಆ ನೀರು ತೋಟಕ್ಕೆ ಹೋಗುತ್ತದೆ. ಅಜ್ಜಿ ಯಾವ ಗಿಡಕ್ಕೆ ಹೋದಳೋ. ಮುಳ್ಳಿನ ಗಿಡಕ್ಕೆ ಹೋಗಿರಲಿ.

ತಮ್ಮನನ್ನು ತಲೆ ಬೋಳಿಸಿ ಕರೆತಂದರು. ಬೋಳು ತಲೆಯಲ್ಲಿ ಅವನು ಕೂಸಿನ ಹಾಗೆ ಕಾಣುತ್ತಿದ್ದ. ಏಣಿ ಇಳಿದವನೇ ವಾಂತಿ ಮಾಡಿಕೊಂಡ. ನಾನು ಬೆನ್ನು ಸವರಿದೆ.

"ಮೂಗಲ್ಲಿ ಎಳೀಬೇಡ. ಬಾಯಲ್ಲಿ ಎಳಿ. ಸ್ವಲ್ಪ ಸ್ವಲ್ಪ."

"ಮೂಟೆಗಿಂತ ಹಗುರ ಅಕ್ಕ," ಅಂದ. ಬಕೆಟ್ ಎತ್ತಲು ಹೋಗಿ ಮಂಡಿ ಕುಸಿದು ಕೂತ.

"ಸುಳ್ಳು ಹೇಳೋಕೂ ಉಸಿರು ಬೇಕು, ಸುಮ್ನಿರು."

ಅವನು ನಕ್ಕ. ನಗು ಕೆಮ್ಮಾಯಿತು. "ಕೈ ಸೇದಿಹೋಗ ಅಂದಿದ್ಯಲ್ಲ, ಇನ್ನೂ ಹೋಗಿಲ್ಲ ನೋಡು." ನಾನು ಆ ಕೈ ಹಿಡಿದುಕೊಂಡೆ. ಇಬ್ಬರ ಕೈಯೂ ಹೊಲಸು. ಹಿಡಿದುಕೊಂಡೇ ಇದ್ದೆ. ಅಡುಗೆಯವನು ಅವನ ಬಕೆಟ್ಟನ್ನು ತಾನೇ ಎತ್ತಿ ಕೊಟ್ಟ.

ತಮ್ಮನ ತಪ್ಪಿಗೆ ಶಿಕ್ಷೆ ಬಾಕಿ ಇತ್ತು. ಕರ್ತವ್ಯ ನಿರಾಕರಣೆ ಅಂತ ಅದಕ್ಕೆ ಹೆಸರು. ಜೈಲಿನಲ್ಲಿ ಸಲಿಕೆ ಕೆಳಗಿಟ್ಟ ಸುದ್ದಿ ಮೇಲ್ಸಾಲಿಗೆ ಮುಟ್ಟಿತ್ತು. ಆ ಹೊತ್ತು ಯಾರದೋ ಸ್ನಾನದ ಮನೆಯಲ್ಲಿ ಹೊಲಸು ವಾಪಸು ಉಕ್ಕಿತ್ತಂತೆ. ಕಾಯ್ದೆ ಇನ್ನೂ ಇದೆಯೋ ಇಲ್ಲವೋ ಅಂತ ಅವರಿಗೆ ಕಣ್ಣಾರೆ ನೋಡಬೇಕಿತ್ತು. ಮೊಗಸಾಲೆ ತುಂಬ ಜನ ಬಂದು ಕೂತರು. ತೆಳುಕೋಣೆಯನ್ನು ಹಳಿಯ ಮೇಲೆ ತಳ್ಳಿ ತೊಟ್ಟಿಯ ಪಕ್ಕಕ್ಕೇ ತಂದರು. ಎಲ್ಲ ಕೈದಿಗಳನ್ನೂ ಸಾಲಾಗಿ ನಿಲ್ಲಿಸಿದರು.

ತಮ್ಮನನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು. ಜೈಲರ್ ಸಾಹೇಬರು ನನ್ನನ್ನು ಮುಂದೆ ಕರೆದರು.

"ಇವನ ರಕ್ತಸಂಬಂಧಿ ನೀನೊಬ್ಬಳೇ. ಬಾಮ್ಮ. ಅರ್ಧದವರೆಗೆ ಸಾಕು. ನಿನ್ನ ಮೇಲಿರೋ ಬಾಕಿ ಶಿಕ್ಷೆ ಮನ್ನಾ ಮಾಡಿಸ್ತೀನಿ."

ನಾನು ಚಕ್ರದ ಮುಂದೆ ಹೋಗಿ ನಿಂತೆ. ಕಬ್ಬಿಣ ಒಂದು ಕಡೆ ಹೊಳೆಯುತ್ತಿತ್ತು. ಎಷ್ಟು ಜನ ಹೆಂಡಂದಿರು, ಅಣ್ಣಂದಿರು ಹಿಡಿದು ಸವೆಸಿದ್ದೋ. ಗಾಜಿನ ಒಳಗೆ ತಮ್ಮ ಮಂಡಿ ಕಟ್ಟಿ ಕೂತಿದ್ದ. ಕೈ ಆಡಿಸಿ ಸನ್ನೆ ಮಾಡಿದ. ತಿರುಗಿಸು, ಪರವಾಗಿಲ್ಲ, ತಿರುಗಿಸು. ಬೆರಳು ತೋರಿಸಿದ. ಒಂದೊಂದು ಬೆರಳಷ್ಟು.

"ನಾನು ತಿರುಗಿಸಲ್ಲ," ಅಂದೆ.

"ಕಾಯ್ದೆ ಓದಿ ಹೇಳ್ಲಾ?"

"ಹೇಳಿ."

"ನಿರಾಕರಿಸಿದ ಸಂಬಂಧಿಯು ತಾನೂ ಕೈದಿಯಾಗತಕ್ಕದ್ದು."

"ಆಗಿದ್ದೀನಲ್ಲ ಸಾಹೇಬ್ರೆ."

ಅವರು ಕಾಯ್ದೆಯ ಪುಸ್ತಕದ ಹಾಳೆ ತಿರುವಿದರು.

ನಾನು ಮಾತು ನಿಲ್ಲಿಸಲಿಲ್ಲ. "ಇದಕ್ಕೆ ನನಗೆ ಶಿಕ್ಷೆ ಕೊಡ್ಬೇಕಾದ್ರೆ ಚಕ್ರ ಇವನೇ ತಿರುಗಿಸ್ಬೇಕು. ಇವನಿಗೆ ಕೊಡ್ಬೇಕಾದ್ರೆ ನಾನೇ ತಿರುಗಿಸ್ಬೇಕು. ಅವನೂ ತಿರುಗಿಸಲ್ಲ, ನಾನೂ ತಿರುಗಿಸಲ್ಲ. ಈಗೇನ್ಮಾಡ್ತೀರಿ?"

ಸಾಲಿನಲ್ಲಿ ಅಡುಗೆಯವನು ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಬಿಟ್ಟು. ಅವನ ಪಕ್ಕದವರು ನಕ್ಕರು. ಮೇಲಿನ ಮೊಗಸಾಲೆಯಲ್ಲೂ ಯಾರೋ ಕಿಸಕ್ಕನೆ ನಕ್ಕರು. ಕೈದಿಗಳ ನಗು ಸಾಹೇಬರಿಗೆ ಏನೂ ಅನ್ನಿಸಲಿಲ್ಲ. ಮೇಲಿನ ಆ ಒಂದು ನಗು ತಾಗಿತು. ಅವರ ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

"ಹಟ ಮಾಡ್ಬೇಡ. ತಿರುಗಿಸು."

"ನೀವೇ ತಿರುಗಿಸಿ," ಅಂದೆ. "ಯಾವತ್ತೂ ನಮ್ಮ ಕೈಲೇ ಮಾಡಿಸ್ತೀರಲ್ಲ. ಅಮ್ಮನ ಗಾಳಿಗೆ ತಗಡು ಹಾಕಿದೋನು ಕೂಡ ನಮ್ಮ ಸಾಲಿನ ಬೆಸುಗೆಯವನೇ ಆಗಿರ್ತಾನೆ. ಒಂದ್ಸಲ ನಿಮ್ಮ ಕೈಲಿ ಮಾಡಿ. ನಿಮ್ಮ ಕೈಲಿ ಏನೂ ಇಲ್ಲ ಅಂತಿದ್ರಲ್ಲ. ತಗೊಳಿ, ಹಿಡ್ಕೊಳಿ."

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವರು ತಿರುಗಿಸುವುದಿಲ್ಲ ಅಂದುಕೊಂಡಿದ್ದೆ. ಅಷ್ಟು ಮಂದಿಯ ಎದುರಿಗೆ ಆ ಮೆತ್ತನೆಯ ಕೈ ಮುಂದೆ ಬರುವುದಿಲ್ಲ ಅಂದುಕೊಂಡಿದ್ದೆ. ಮೇಲಿನಿಂದ ಒಬ್ಬರು, ದನಿ ಕೇಳಿದರೆ ದೊಡ್ಡ ಅಧಿಕಾರಿ, "ಮುಗಿಸ್ರೀ ಬೇಗ," ಅಂದರು.

ಸಾಹೇಬರು ಚಕ್ರ ಹಿಡಿದರು. ಅವರಿಗೆ ಅಭ್ಯಾಸವಿರಲಿಲ್ಲ. ಜೀವಮಾನದಲ್ಲಿ ಯಾವುದನ್ನೂ ಹಾಗೆ ಹಿಡಿದವರಲ್ಲ. ಅದು ಬಿಗಿಯಾಗಿರುತ್ತದೆ ಅಂದುಕೊಂಡು ಮೈಭಾರವೆಲ್ಲ ಹಾಕಿ ಎಳೆದರು. ಚಕ್ರ ಸಲೀಸಾಗಿ ತಿರುಗಿತು. ಕಾಲು ದಾಟಿತು, ಅರ್ಧ ದಾಟಿತು, ಮುಕ್ಕಾಲಿನ ಗೆರೆಯನ್ನೂ ದಾಟಿ ತುದಿಗೆ ಹೋಗಿ ಠಣ್ ಅಂತ ಬಡಿಯಿತು.

ತಮ್ಮ ಎದ್ದು ನಿಂತ. ಗಾಜಿಗೆ ಎರಡೂ ಕೈ ಹಚ್ಚಿದ. ಕಣ್ಣು ಹೊರಗೆ ಬಂದ ಹಾಗಿತ್ತು. ಅವನ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಅವನು ನೋಡುತ್ತಿದ್ದದ್ದು ನನ್ನನ್ನಲ್ಲ, ಸಾಹೇಬರನ್ನು. ಬಾಯಿ ಆಡುತ್ತಲೇ ಇತ್ತು. ನಾನು ಚಕ್ರಕ್ಕೆ ನುಗ್ಗಿದೆ. ವಾಪಸು ತಿರುಗಿಸಲು ನುಗ್ಗಿದೆ. ಕಾವಲಿನವರು ನನ್ನನ್ನು ಕೆಳಗೆ ಕೆಡವಿ ಬೆನ್ನ ಮೇಲೆ ಮಂಡಿ ಊರಿದರು. "ಬಿಡ್ರೋ, ಸಾಯ್ತಾನೆ ಬಿಡ್ರೋ," ಅಂತ ನಾನು ಕೂಗುತ್ತಿದ್ದೆ. "ನಿಮ್ಮ ಕಾಲಿಗೆ ಬೀಳ್ತೀನಿ, ಸಾಹೇಬ್ರೆ, ಬೆರಳಷ್ಟು ಬಿಡಿ, ಬೆರಳಷ್ಟು." ಹೌದು, ಬೇಡಿಕೊಂಡೆ. ನೀವೇ ತಿರುಗಿಸಿ ಅಂದ ಬಾಯಲ್ಲೇ ಬೇಡಿಕೊಂಡೆ. ಸಾಹೇಬರು ಚಕ್ರ ಹಿಡಿದುಕೊಂಡೇ ನಿಂತಿದ್ದರು. ವಾಪಸು ಯಾವ ಕಡೆಗೆ ತಿರುಗಿಸಬೇಕು ಅಂತ ಅವರಿಗೆ ಗೊತ್ತಾಗಲಿಲ್ಲವೋ, ಕೈ ಬರಲಿಲ್ಲವೋ. ತಮ್ಮನ ಮೂಗಿನಿಂದ ರಕ್ತ ಬಂತು. ಗಾಜಿನ ಮೇಲೆ ಅಂಗೈಯ ಗುರುತು ಕೆಳಗಿನವರೆಗೂ ಎಳೆದುಕೊಂಡು ಬಂತು.

ಮೇಲೆ ಕುರ್ಚಿಗಳ ಸದ್ದಾಯಿತು. ಅವರು ಎದ್ದು ಹೋಗುತ್ತಿದ್ದರು.

ಅವನನ್ನು ಹೊರಗೆ ತೆಗೆದಾಗ ಕರಗಿಸುವ ತೊಟ್ಟಿಗೆ ಹೊತ್ತು ಹಾಕಿ ಅಂದರು. ಯಾವ ಕೈದಿಯೂ ಮುಂದೆ ಬರಲಿಲ್ಲ. ಕೋಲಿನಿಂದ ಬಡಿದರು. ಯಾರೂ ಬರಲಿಲ್ಲ. ಕೊನೆಗೆ ಕಾವಲಿನವರೇ ಕಾಲು ಹಿಡಿದು ಎಳೆದುಕೊಂಡು ಹೋದರು. ಅವನ ತಲೆ ನೆಲಕ್ಕೆ ಬಡಿಯುತ್ತಾ ಹೋಯಿತು. ನನ್ನ ಎರಡೂ ಕೈಯನ್ನು ಏಣಿಗೆ ಕಟ್ಟಿದ್ದರು. ತಲೆ ಎತ್ತಿಕೊಳ್ರೋ, ತಲೆ ಎತ್ತಿಕೊಳ್ರೋ ಅಂತ ಮಾತ್ರ ಹೇಳುತ್ತಿದ್ದೆ.

ಸಾಹೇಬರಿಗೆ ಏನೂ ಆಗಲಿಲ್ಲ. ಕಾಯ್ದೆಗೆ ತಿದ್ದುಪಡಿ ಬಂತು. ಸಂಬಂಧಿ ನಿರಾಕರಿಸಿದಲ್ಲಿ ಅಧಿಕಾರಿಯೇ ಶಿಕ್ಷೆ ಜಾರಿ ಮಾಡತಕ್ಕದ್ದು ಅಂತ ಗೋಡೆಯ ಮೇಲೆ ಹೊಸ ಸಾಲು ಬರೆದರು. ಬಣ್ಣ ಒಣಗುವ ಮೊದಲೇ ಅದನ್ನು ಪರೀಕ್ಷೆ ಮಾಡುವ ಸಂದರ್ಭ ಬಂತು. ಅಂದು ನಕ್ಕಿದ್ದಕ್ಕೆ ಅಡುಗೆಯವನಿಗೆ ತೆಳುಕೋಣೆ ಆಯಿತು.

ಅವನ ಹೆಂಡತಿ ಬಂದಳು. ಅವಳದು ಮೆದು ಸ್ವಭಾವ. ಯಾರ ಎದುರಿಗೂ ತಲೆ ಎತ್ತಿದವಳಲ್ಲ. ಗಂಡನಿಗೆ ಎಷ್ಟೋ ಸಲ ಚಕ್ರ ತಿರುಗಿಸಿದ್ದಳು, ಅಳುತ್ತಾ, ಬೆರಳಷ್ಟು ಬೆರಳಷ್ಟೇ. ಸೆರಗಿಗೆ ಕೈ ಒರೆಸಿಕೊಂಡು ಚಕ್ರದ ಮುಂದೆ ನಿಂತಳು. ಗಂಡನ ಕಡೆ ನೋಡಿದಳು. ಅವನು ತಲೆ ಅಡ್ಡ ಆಡಿಸಿದ.

"ನನ್ನ ಮಗಳನ್ನ ನಮ್ಮಕ್ಕನ ಹತ್ರ ಬಿಟ್ಟು ಬಂದಿದ್ದೀನಿ," ಅಂದಳು. ದನಿ ಬಹಳ ಸಣ್ಣದಿತ್ತು. "ನೀವೇ ತಿರುಗಿಸಿ ಸ್ವಾಮಿ."

ಸಾಹೇಬರು ಚಕ್ರಕ್ಕೆ ಕೈ ಹಾಕಿದರು. ಕಾಲಿನ ಗೆರೆ ಬರುವ ಮೊದಲೇ ಬಿಟ್ಟರು. "ಸಾಕು, ಆಯ್ತು," ಅಂದು ಬೆನ್ನು ಹಾಕಿ ಹೋದರು. ಅಡುಗೆಯವನು ಆಕಳಿಸುತ್ತಾ ಹೊರಗೆ ಬಂದ. ಅವನ ಹೆಂಡತಿಯ ತಲೆ ಬೋಳಿಸಿ ತೊಟ್ಟಿಗೆ ಇಳಿಸಿದರು. ಮಧ್ಯಾಹ್ನ ಇಬ್ಬರೂ ಪಕ್ಕದಲ್ಲಿ ಕೂತು ಉಂಡರು. ಅವನಿಗೆ ಹೆಂಡತಿಯ ಬೋಳು ತಲೆ ನೋಡಿ ಅಳು, ಅವಳಿಗೆ ಅವನ ಅಳು ನೋಡಿ ನಗು.

ಆಮೇಲೆ ಒಬ್ಬ ಅಣ್ಣ ಬಂದು ಅದೇ ಮಾತು ಹೇಳಿದ. ಆಮೇಲೆ ಒಬ್ಬಳು ತಂಗಿ. ಜೈಲು ಈಗ ತುಂಬಿಹೋಗಿದೆ. ಮಲಗಲು ಜಾಗವಿಲ್ಲ, ಸರದಿಯ ಮೇಲೆ ಮಲಗುತ್ತೇವೆ. ತೊಟ್ಟಿಯ ಕೆಲಸ ಏನೂ ಕಡಿಮೆಯಾಗಿಲ್ಲ. ಹೊಲಸು ಬರುತ್ತಲೇ ಇದೆ. ಚಕ್ರ ತಿರುಗಿಸಲು ಬೇರೆ ಜೈಲರ್ ಬಂದರು. ಅವರಿಗೆ ಅಭ್ಯಾಸ ಆಗುತ್ತಿದೆ. ಅಷ್ಟು ಬೇಗ ಗೆದ್ದೆವು ಅಂತ ಹೇಳುವವಳು ನಾನಲ್ಲ.

ಹಳೆಯ ಸಾಹೇಬರು ಕೆಲಸ ಬಿಟ್ಟ ಮೇಲೆ ಒಂದು ಸಲ ಬಂದಿದ್ದರು. ಸಮವಸ್ತ್ರವಿರಲಿಲ್ಲ. ಮೈ ಇಳಿದಿತ್ತು. ಊಟದ ಕಿಂಡಿಯ ಆಚೆ ಬಗ್ಗಿ ಕೂತರು. ಇಷ್ಟು ಕೆಳಗೆ ಅವರ ಮೈ ಭಾರ ಅವರಿಗೇ ತಡೆಯಲಾಗುತ್ತಿರಲಿಲ್ಲ, ಏದುಸಿರು ಬಿಡುತ್ತಿದ್ದರು.

"ಒಂದು ಮಾತು ಕೇಳ್ಬೇಕಿತ್ತು," ಅಂದರು. "ಅವತ್ತು ನಿನ್ನ ತಮ್ಮ ನನ್ನ ನೋಡಿ ಏನೋ ಹೇಳ್ತಿದ್ದ. ಗಾಜಿನ ಒಳಗಿಂದ. ನಂಗೆ ಕೇಳ್ಲಿಲ್ಲ. ನೀನು ಹತ್ತಿರ ಇದ್ದೆ. ನಿಂಗೆ ಅವನ ತುಟಿ ನೋಡಿದ್ರೆ ಗೊತ್ತಾಗಿರುತ್ತೆ. ಏನಂದ?"

ನಾನು ಊಟದ ತಟ್ಟೆ ಕೆಳಗಿಟ್ಟೆ.

"ನಿದ್ದೆ ಬರಲ್ಲ. ಕಣ್ಣು ಮುಚ್ಚಿದ್ರೆ ಆ ಬಾಯಿ ಕಾಣುತ್ತೆ. ಬೈದ್ನಾ? ಶಾಪ ಹಾಕಿದ್ನಾ? ಏನಂದ ಅಂತ ಗೊತ್ತಾದ್ರೆ ಸಾಕು. ಏನೇ ಅಂದಿದ್ರೂ ಪರವಾಗಿಲ್ಲ. ಕೈ ಮುಗೀತೀನಿ, ಹೇಳಮ್ಮ."

ನಿಜವಾಗಿಯೂ ಕೈ ಮುಗಿದರು. ಬಿಳಿ ಕೈ.

ತಮ್ಮ ಏನೂ ಹೇಳಿರಲಿಲ್ಲ. ನನಗೆ ಚೆನ್ನಾಗಿ ಗೊತ್ತು. ಅವನು ಹುಟ್ಟಿದಾಗಿನಿಂದ ಆ ಬಾಯಿ ನೋಡಿದವಳು ನಾನು. ಗಾಳಿಗೆ ಬಾಯಿ ಬಿಡುತ್ತಿದ್ದ, ಅಷ್ಟೇ.

"ಹೇಳಲ್ಲ," ಅಂದೆ. ಕಿಂಡಿ ಮುಚ್ಚಿದೆ.